ನಿದ್ದೆಗೆಟ್ಟು ಓದಿದರೆ ತಲೆಗೆ ಹತ್ತುತ್ತದೆಯೇ?



ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ನಿದ್ದೆ ಕಡಿಮೆ ಮಾಡು, ಓದು.” ಮನೆಯ ಅಜ್ಜಿಯಿಂದ ಹಿಡಿದು ಹಾಲಿನ ಡೈರಿ ಹತ್ತಿರ ಸಿಗುವ ಮಾವನವರೆಗೂ ಎಲ್ಲರೂ ಇದನ್ನೇ ಹೇಳ್ತಾರೆ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದು ಎಂದು ಕನ್ನಡ ಮೇಷ್ಟ್ರು ಹೇಳಿದ್ದು ನಿಮಗೆ ನೆನಪಿರಬಹುದು. ನಾಯಿಯ ಹಾಗೆ ಮಲಗಬೇಕು, ಎಲೆ ಅಲುಗಿದರೂ ಏಳಬೇಕು ಅಂತ ಅದರ ಅರ್ಥ. (ನಾಯಿ ಹಗಲೆಲ್ಲ ಜಗಲಿ ಮೇಲೆ ಮಲಗಿ ಬಾಕಿ ತೀರಿಸಿಕೊಳ್ಳುತ್ತೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.)

ಈಗ ನಮ್ಮ ಹತ್ತನೇ ತರಗತಿಯಲ್ಲಿ ರಾತ್ರಿ ಯಾರು ಎಷ್ಟು ಹೊತ್ತಿನವರೆಗೆ ಎಚ್ಚರ ಇದ್ದರು ಅನ್ನೋದೇ ಒಂದು ಪಂದ್ಯವಾಗಿದೆ. “ನಾನು ಒಂದು ಗಂಟೆ” ಅಂದರೆ ಇನ್ನೊಬ್ಬರು “ನಾನು ಎರಡು” ಅಂತಾರೆ. ಹಗಲು ಹಿಂದಿನ ಬೆಂಚಿನಲ್ಲಿ ತೂಕಡಿಸುವವರಿಗೆ ಮಾತ್ರ ಕುಂಭಕರ್ಣ ಅಂತ ಹೆಸರು. ಇದರ ಜೊತೆಗೆ ಮುಂದಿನ ತಿಂಗಳಿಂದ ಬೆಳಗಿನ ಜಾವ 4 ಗಂಟೆಗೆ ಪ್ರತಿ ಮನೆಗೂ ಫೋನ್ ಮಾಡಿ ನಮ್ಮನ್ನು ಎಬ್ಬಿಸುವ ಯೋಚನೆ ಇದೆ ಎಂದು ಪ್ರಾರ್ಥನೆಯ ಸಮಯದಲ್ಲಿ ತಿಳಿಸಿದ್ದಾರೆ. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ನಾನು ನಿದ್ದೆಯ ವಿಷಯವನ್ನೇ ಆರಿಸಿಕೊಂಡೆ. ವಿಜ್ಞಾನ ಮೇಡಂ ಅವರ ಸಹಾಯದಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಊಟದ ಬಿಡುವಿನಲ್ಲಿ ನಿಂತು ಓದಿ.

ನಿದ್ದೆಯಲ್ಲಿ ಏನು ನಡೆಯುತ್ತದೆ?

ನಿದ್ದೆ ಎಂದರೆ ಮೆದುಳು ಸ್ವಿಚ್ ಆಫ್ ಆಗುವುದು ಅಂತ ನಾವು ತಿಳಿದಿದ್ದೇವೆ. ಹಾಗಿಲ್ಲ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಎಂಬ ವಿದ್ಯಾರ್ಥಿ ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಯಾಗಿ ಬರೆಯುವ ಯಂತ್ರಕ್ಕೆ ತನ್ನ ಎಂಟು ವರ್ಷದ ಮಗನನ್ನೇ ಜೋಡಿಸಿ ಮಲಗಿಸಿದ. ರಾತ್ರಿ ಮಧ್ಯೆ ಮಧ್ಯೆ ಹುಡುಗನ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಒಳಗೇ ಅತ್ತಿಂದಿತ್ತ ಓಡಾಡುತ್ತಿದ್ದವು. ಯಂತ್ರದ ಗೆರೆಗಳು ಎಚ್ಚರ ಇರುವವರ ಗೆರೆಗಳ ಹಾಗೇ ಕಾಣುತ್ತಿದ್ದವು. ಅಸೆರಿನ್ಸ್ಕಿ ಮತ್ತು ಅವನ ಗುರು ಕ್ಲೈಟ್‌ಮನ್ ಇದನ್ನು 1953ರಲ್ಲಿ ಪ್ರಕಟಿಸಿದರು. ನಾವು ಕನಸು ಕಾಣುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಇದಕ್ಕೆ ರೆಮ್ ನಿದ್ದೆ ಎಂದು ಹೆಸರು. ನಾನು ಇಲ್ಲಿ ಕನಸಿನ ನಿದ್ದೆ ಅಂತ ಕರೆಯುತ್ತೇನೆ.

ಒಂದು ರಾತ್ರಿಯ ನಿದ್ದೆ ಒಂದೇ ಸಮ ಇರುವುದಿಲ್ಲ. ಮೊದಲು ತೆಳು ನಿದ್ದೆ, ಆಮೇಲೆ ಗಾಢ ನಿದ್ದೆ, ಆಮೇಲೆ ಕನಸಿನ ನಿದ್ದೆ, ಹೀಗೆ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತೆ. ಇಂಥ ನಾಲ್ಕೈದು ಸುತ್ತು ಸೇರಿದರೆ ಒಂದು ರಾತ್ರಿ. ಗಾಢ ನಿದ್ದೆಯ ಪಾಲು ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ದೆಯ ಪಾಲು ಬೆಳಗಿನ ಜಾವದ ಕಡೆಗೆ ಹೆಚ್ಚು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಓದಿದ್ದು ಎಲ್ಲಿಗೆ ಹೋಗುತ್ತದೆ?

1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಅರ್ಥವಿಲ್ಲದ ಹತ್ತು ಪದಗಳ ಪಟ್ಟಿಯನ್ನು ಇಬ್ಬರು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದರು. ಕೆಲವು ಸಲ ಬಾಯಿಪಾಠ ಆದ ಕೂಡಲೇ ಮಲಗಿಸಿದರು, ಕೆಲವು ಸಲ ಎಚ್ಚರವಾಗಿ ದಿನದ ಕೆಲಸ ಮಾಡಲು ಬಿಟ್ಟರು. ಎಂಟು ಗಂಟೆ ಕಳೆದ ಮೇಲೆ ಕೇಳಿದಾಗ, ಮಲಗಿ ಎದ್ದಿದ್ದರೆ ಹತ್ತರಲ್ಲಿ ಐದಕ್ಕಿಂತ ಹೆಚ್ಚು ಪದ ನೆನಪಿದ್ದವು. ಎಚ್ಚರವಾಗಿದ್ದರೆ ಉಳಿದದ್ದು ಸರಾಸರಿ ಒಂದೇ ಒಂದು! ಇಬ್ಬರ ಮೇಲೆ ಮಾಡಿದ್ದನ್ನು ನಂಬಬಹುದೇ ಎಂದು ನಾನೂ ಮೇಡಂ ಅವರನ್ನು ಕೇಳಿದೆ. ಆಮೇಲಿನ ನೂರು ವರ್ಷಗಳಲ್ಲಿ ನಿದ್ದೆಯ ಲಾಭ ಒಂದೊಂದು ಕಡೆ ಹೆಚ್ಚು ಕಡಿಮೆ ಕಂಡಿದ್ದರೂ, ಮಲಗಿ ಎದ್ದವರಿಗೆ ನೆನಪು ಹೆಚ್ಚು ಎನ್ನುವುದು ಬೇರೆ ಬೇರೆ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆಯಂತೆ.

ಕಾರಣ ಏನು? ನಮ್ಮ ಮೆದುಳಿನ ಒಳಗೆ ಹಿಪೊಕ್ಯಾಂಪಸ್ ಎಂಬ ಒಂದು ಭಾಗ ಇದೆ. ಹೊಸದಾಗಿ ಕಲಿತದ್ದು ಗಟ್ಟಿಯಾಗಿ ಉಳಿಯಬೇಕಾದರೆ ಇದರ ಸಹಾಯ ಬೇಕು. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಇಲಿಗಳ ಈ ಭಾಗಕ್ಕೆ ಕೂದಲಿನಂಥ ತಂತಿ ಇಟ್ಟು ನೋಡಿದರು. ಇಲಿ ಹಗಲು ಓಡಾಡುವಾಗ ಒಟ್ಟಿಗೆ ಕೆಲಸ ಮಾಡಿದ ಜೀವಕೋಶಗಳೇ ಅದು ಮಲಗಿದಾಗಲೂ ಒಟ್ಟಿಗೆ ಮಿಡಿದವು. ಅಂದರೆ ಇಲಿಯ ಮೆದುಳು ನಿದ್ದೆಯಲ್ಲಿ ಹಗಲಿನ ದಾರಿಯನ್ನು ಪುನರಾವರ್ತನೆ ಮಾಡಿಕೊಂಡಂತೆ. ನಾವು ಕಷ್ಟಪಟ್ಟು ಮಾಡುವ ಪುನರಾವರ್ತನೆಯನ್ನು ಮೆದುಳು ಪುಕ್ಕಟೆಯಾಗಿ ಮಾಡಿಕೊಡುತ್ತೆ, ಮಲಗಲು ಬಿಟ್ಟರೆ.

ನನಗೆ ಇದನ್ನು ಓದಿದಾಗ ಅಮ್ಮ ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ನೆನಪಾಯಿತು. ಹೆಪ್ಪು ಹಾಕಿದ ಕೂಡಲೇ ಮೊಸರಾಗೋದಿಲ್ಲ, ಹೊತ್ತು ಬೇಕು. ಹೊತ್ತು ಕೊಟ್ಟರೂ ಆಗಾಗ ಪಾತ್ರೆ ಅಲುಗಾಡಿಸಿದರೆ ಗಟ್ಟಿಯಾಗೋದಿಲ್ಲ. ನಾವು ಹಗಲು ಓದಿದ್ದು ಹೆಪ್ಪು ಹಾಕಿದ ಹಾಲು.

ನೆನಪು ಮಾತ್ರ ಅಲ್ಲ, ಲೆಕ್ಕಕ್ಕೂ ನಿದ್ದೆ ಬೇಕು. 2004ರಲ್ಲಿ ಜರ್ಮನಿಯ ಲೂಬೆಕ್‌ನಲ್ಲಿ ಒಂದು ಬಗೆಯ ಅಂಕಿಗಳ ಲೆಕ್ಕ ಕೊಟ್ಟರು. ಅದನ್ನು ಉದ್ದ ದಾರಿಯಲ್ಲಿ ಬಿಡಿಸಬಹುದು, ಆದರೆ ಒಳಗೆ ಒಂದು ಅಡ್ಡದಾರಿ ಅಡಗಿದೆ; ಅದನ್ನು ಯಾರಿಗೂ ಹೇಳಲಿಲ್ಲ. ಲೆಕ್ಕ ಶುರು ಮಾಡಿಸಿ, ಎಂಟು ಗಂಟೆ ಬಿಟ್ಟು ಮತ್ತೆ ಮಾಡಿಸಿದರು. ನಡುವೆ ರಾತ್ರಿ ನಿದ್ದೆ ಮಾಡಿದ 22 ಜನರಲ್ಲಿ 13 ಜನಕ್ಕೆ ಅಡ್ಡದಾರಿ ಹೊಳೆಯಿತು. ಎಚ್ಚರ ಇದ್ದ 22 ಜನರಲ್ಲಿ 5 ಜನಕ್ಕೆ ಮಾತ್ರ. ರಾತ್ರಿ ಬಗೆಹರಿಯದ ಲೆಕ್ಕ ಬೆಳಿಗ್ಗೆ ಮುಖ ತೊಳೆಯುವಾಗ ಹೊಳೆಯುವುದು ನಮಗೆಲ್ಲ ಅನುಭವ ಇರುವಂಥದ್ದೇ.

ನೂರರಿಂದ ಏಳು ಕಳೆಯಿರಿ

ನಿದ್ದೆ ಪೂರ್ತಿ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ನಮ್ಮ ಹಾಗೇ ಶಾಲೆಗೆ ಹೋಗುವ ಒಬ್ಬ ಹುಡುಗ ಪ್ರಯತ್ನಿಸಿದ. ಅಮೆರಿಕದ ಸ್ಯಾನ್ ಡಿಯಾಗೋ ಊರಿನ ರ‍್ಯಾಂಡಿ ಗಾರ್ಡ್‌ನರ್, ವಯಸ್ಸು 17. ಶಾಲೆಗಳ ವಿಜ್ಞಾನ ಮೇಳಕ್ಕಾಗಿ 1963ರ ಡಿಸೆಂಬರ್ ಕೊನೆಯಲ್ಲಿ ಎಚ್ಚರ ಇರಲು ಶುರು ಮಾಡಿ 1964ರ ಜನವರಿವರೆಗೆ 264 ಗಂಟೆ, ಅಂದರೆ 11 ದಿನ ಮಲಗಲಿಲ್ಲ. ವಿಲಿಯಂ ಡಿಮೆಂಟ್ ಎಂಬ ವಿಜ್ಞಾನಿ ಬಂದು ಜೊತೆಗಿದ್ದು ನೋಡಿಕೊಂಡರು. ಕೊನೆಯ ದಿನ ಅವನಿಗೆ ನೂರರಿಂದ ಏಳು ಏಳಾಗಿ ಕಳೆಯುತ್ತಾ ಹೋಗು ಎಂದರು. 93, 86, 79, 72, 65, ಅಲ್ಲಿಗೆ ನಿಂತುಬಿಟ್ಟ. ಯಾಕಪ್ಪಾ ನಿಲ್ಲಿಸಿದೆ ಎಂದರೆ, ತಾನು ಏನು ಮಾಡುತ್ತಿದ್ದೆ ಅನ್ನೋದೇ ಮರೆತುಹೋಯಿತು ಎಂದ. ಕಳೆಯುವ ಲೆಕ್ಕ ಅವನಿಗೆ ಬರುತ್ತಿತ್ತು. ಲೆಕ್ಕವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳುವ ಗಮನವೇ ಹೋಗಿತ್ತು. ಇದನ್ನು ಯಾರೂ ಮಾಡಿ ನೋಡಬಾರದು. ಅಪಾಯ ಎಂದು ಗಿನ್ನೆಸ್ ದಾಖಲೆಯವರೂ ಈ ಬಗೆಯ ದಾಖಲೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ.

ಹನ್ನೊಂದು ದಿನ ಯಾರೂ ಎಚ್ಚರ ಇರೋದಿಲ್ಲ ಬಿಡಿ. ದಿನಕ್ಕೆ ಎರಡು ಗಂಟೆ ಕಡಿಮೆ ಮಾಡಿದರೆ? ನಮಗೆ ಬೇಕಾದ ಪ್ರಶ್ನೆ ಇದು. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ದೊಡ್ಡವರನ್ನು ಗುಂಪು ಮಾಡಿ 14 ದಿನ ಒಂದು ಗುಂಪಿಗೆ 8 ಗಂಟೆ, ಒಂದಕ್ಕೆ 6, ಒಂದಕ್ಕೆ 4 ಗಂಟೆ ಮಲಗಲು ಬಿಟ್ಟರು. ಪ್ರತಿದಿನ ಒಂದು ಪರೀಕ್ಷೆ: ಹತ್ತು ನಿಮಿಷ ಒಂದು ಪೆಟ್ಟಿಗೆ ನೋಡುತ್ತಾ ಕೂರಬೇಕು, ಅಂಕಿ ಕಂಡ ತಕ್ಷಣ ಗುಂಡಿ ಒತ್ತಬೇಕು. ಆರು ಗಂಟೆ ಮಲಗಿದವರು ದಿನದಿಂದ ದಿನಕ್ಕೆ ನಿಧಾನವಾಗುತ್ತಾ ಬಂದರು. ಎರಡು ವಾರ ಕಳೆಯುವಷ್ಟರಲ್ಲಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಹಾಗೇ ಆಗಿದ್ದರು. ನನಗೆ ಹೆದರಿಕೆ ಆದದ್ದು ಇದಕ್ಕಲ್ಲ. “ನಿಮಗೆ ಎಷ್ಟು ನಿದ್ದೆ ಬರ್ತಾ ಇದೆ?” ಎಂದು ಕೇಳಿದರೆ ಅವರು ಹೆಚ್ಚೇನಿಲ್ಲ ಎಂದೇ ಹೇಳುತ್ತಿದ್ದರು! ನಿದ್ದೆಯ ಸಾಲ ಬೆಳೆಯುತ್ತಿರುವುದು ಸಾಲಗಾರನಿಗೇ ಗೊತ್ತಾಗೋದಿಲ್ಲ. “ನನಗೆ ಐದು ಗಂಟೆ ಸಾಕು, ನಾನು ಚೆನ್ನಾಗೇ ಇದ್ದೀನಿ” ಎನ್ನುವ ನಮ್ಮ ತರಗತಿಯವರು ಇದನ್ನು ಎರಡು ಸಲ ಓದಬೇಕು. ಅದೂ ಅಲ್ಲದೆ 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ದೊಡ್ಡವರಿಗಿಂತ ನಮಗೇ ಹೆಚ್ಚು.

ನಿದ್ದೆ ಕಡಿಮೆಯಾದ ಮೆದುಳು ಕಣ್ಣು ತೆರೆದಿದ್ದಾಗಲೇ ಕೆಲವು ಸೆಕೆಂಡು ಮಲಗಿಬಿಡುತ್ತದೆ. ಆ ಹೊತ್ತಿನಲ್ಲಿ ಸರ್ ಬೋರ್ಡಿನ ಮೇಲೆ ಪ್ರಮೇಯದ ನಾಲ್ಕನೇ ಸಾಲು ಬರೆದಿರುತ್ತಾರೆ. ನಮಗೆ ಮೂರನೆಯದು ಗೊತ್ತು, ಐದನೆಯದು ಗೊತ್ತು, ಮಧ್ಯದ್ದು ಇಲ್ಲ. ಆಮೇಲೆ “ನನಗೆ ಗಣಿತ ತಲೆಗೆ ಹತ್ತೋದಿಲ್ಲ” ಅಂತೀವಿ.

ತುಂಡು ನಿದ್ದೆ

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆ ಇದೆ. ಸಂತೆಯಲ್ಲಿ ನಿದ್ದೆ ಬರಬಹುದು, ಆದರೆ ಅದು ಎಂಥ ನಿದ್ದೆ? ಇಲ್ಲಿಗೆ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದೆ.

2014ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಾತ್ರಿ ನಾಲ್ಕೇ ಗಂಟೆ ನಿದ್ದೆ. ಇನ್ನೊಂದು ಗುಂಪಿಗೆ ಎಂಟು ಗಂಟೆ ಹಾಸಿಗೆಯಲ್ಲಿರಲು ಬಿಟ್ಟರು, ಆದರೆ ನಾಲ್ಕು ಸಲ ಫೋನ್ ಮಾಡಿ ಎಬ್ಬಿಸಿದರು. ಪ್ರತಿ ಸಲ ಎದ್ದು ಹತ್ತು ಹದಿನೈದು ನಿಮಿಷ ಒಂದು ಸಣ್ಣ ಕೆಲಸ ಮಾಡಿ ಮತ್ತೆ ಮಲಗಬೇಕು. ಮಾರನೇ ದಿನ ನೋಡಿದರೆ ಎರಡೂ ಗುಂಪಿನ ಗಮನ ಸರಿಸುಮಾರು ಒಂದೇ ರೀತಿ ಕೆಟ್ಟಿತ್ತು, ಮನಸ್ಸೂ ಕುಗ್ಗಿತ್ತು. ಎದ್ದಿದ್ದ ಸಮಯವನ್ನು ಕೂಡಿದರೆ ಒಂದು ಗಂಟೆ ಅಷ್ಟೇ. ಹಾಳಾದದ್ದು ಮಾತ್ರ ಇಡೀ ರಾತ್ರಿ.

ಇದನ್ನು ಓದಿದಾಗ ನನಗೆ ತಕ್ಷಣ ನಮ್ಮೂರ ಬೋರ್‌ವೆಲ್ ಮೋಟರುಗಳು ಕಣ್ಣ ಮುಂದೆ ಬಂದವು. ರಾತ್ರಿ ಪಾಳಿಯ ವಾರದಲ್ಲಿ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಹೇಳಲಿಕ್ಕಾಗೋದಿಲ್ಲ. ಹನ್ನೊಂದಕ್ಕೆ ಅಪ್ಪನ ಜೊತೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು, ಒಂದು ಗಂಟೆಗೆ ನೀರು ತಿರುವಬೇಕು, ಮೂರಕ್ಕೆ ಮತ್ತೆ. ನಮ್ಮ ತರಗತಿಯಲ್ಲಿ ಇಂಥವರು ಯಾರು ಯಾರು ಎಂದು ನಾನು ಬರೆಯುವುದಿಲ್ಲ, ನಿಮಗೇ ಗೊತ್ತು. ಗಾಢ ನಿದ್ದೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು ಎಂದು ಮೇಲೆ ಬರೆದೆನಲ್ಲ, ಅವರಿಗೆ ತಪ್ಪಿಹೋಗುವುದು ಸರಿಯಾಗಿ ಅದೇ. ಬೆಳಿಗ್ಗೆ ಎರಡನೇ ಪೀರಿಯಡ್ಡಿನಲ್ಲಿ ತಲೆ ಬಗ್ಗಿದರೆ ನಾವು ನಗುತ್ತೇವೆ. ಅದು ಸೋಮಾರಿತನ ಅಲ್ಲ. ಕುಂಭಕರ್ಣ ಆರು ತಿಂಗಳು ನಿದ್ದೆ ಮಾಡಿದವನು. ಇವರು ಒಂದು ಸುತ್ತೂ ಪೂರ್ತಿ ನಿದ್ದೆ ಮಾಡದವರು. ಹೆಸರೇ ತಪ್ಪು.

ಇನ್ನೊಂದು ಪ್ರಯೋಗ ನಮ್ಮ ಪಕ್ಕದ ರಾಜ್ಯದ್ದು. ಚೆನ್ನೈ ನಗರದ 452 ಜನ ಬಡ ಕೆಲಸಗಾರರ ಮೇಲೆ ನಡೆದ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಿಗೆ ಕಂಪ್ಯೂಟರಿನಲ್ಲಿ ಅಂಕಿ ಅಂಶ ತುಂಬುವ ಕೆಲಸ ಕೊಟ್ಟು, ಕೈಗೆ ಗಡಿಯಾರದಂಥ ಒಂದು ಯಂತ್ರ ಕಟ್ಟಿ ಮನೆಯಲ್ಲಿ ಹೇಗೆ ಮಲಗುತ್ತಾರೆ ಎಂದು ಅಳೆದರು. ಅವರು ರಾತ್ರಿ ಹಾಸಿಗೆಯಲ್ಲಿ ಇರುತ್ತಿದ್ದದ್ದು 8 ಗಂಟೆ, ನಿಜವಾಗಿ ನಿದ್ದೆ ಮಾಡುತ್ತಿದ್ದದ್ದು ಐದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಸೆಕೆ, ಸೊಳ್ಳೆ, ರಸ್ತೆ ಸದ್ದು, ಚಿಕ್ಕ ಮನೆಯಲ್ಲಿ ತುಂಬಾ ಜನ, ಇದರಿಂದ ನಿದ್ದೆ ಮತ್ತೆ ಮತ್ತೆ ಮುರಿಯುತ್ತಿತ್ತು. ಸಂಶೋಧಕರು ಹಾಸಿಗೆ, ದಿಂಬು, ಫ್ಯಾನು, ಕಿವಿಗೆ ಇಡುವ ಬಿರಡೆ, ಕಣ್ಣಿಗೆ ಕಟ್ಟುವ ಪಟ್ಟಿ ಎಲ್ಲ ಕೊಟ್ಟರು, ಬೇಗ ಮಲಗಲು ಹೇಳಿದರು. ರಾತ್ರಿ ನಿದ್ದೆ ಸುಮಾರು 27 ನಿಮಿಷ ಹೆಚ್ಚಾಯಿತು. ಆದರೆ ಕೆಲಸದಲ್ಲಾಗಲಿ ಚುರುಕುತನದಲ್ಲಾಗಲಿ ಏನೂ ಹೆಚ್ಚಾಗಲಿಲ್ಲ! ಸಂಶೋಧಕರಿಗೇ ಆಶ್ಚರ್ಯ. ನಿದ್ದೆಯ ಹೊತ್ತು ಹೆಚ್ಚಿತು, ಆದರೆ ಅದು ಹಾಗೇ ತುಂಡು ತುಂಡಾಗಿ ಉಳಿಯಿತು, ಕಾರಣ ಅದೇ ಇರಬಹುದು ಎಂಬುದು ಅವರ ಅನುಮಾನ.

ಅದೇ ಪ್ರಯೋಗದಲ್ಲಿ ಕೆಲವರಿಗೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಅರ್ಧ ಗಂಟೆ ನಿಶ್ಶಬ್ದವಾದ ಕಡೆ ಮಲಗಲು ಬಿಟ್ಟಿದ್ದರು. ಅವರ ಗಮನ ಹೆಚ್ಚಿತು, ಕೆಲಸ ಮಾಡುವ ಹೊತ್ತಿನಲ್ಲಿ ಕೈ ಚುರುಕಾಯಿತು, ಮನಸ್ಸೂ ಹಗುರವಾಯಿತು. ಮಲಗಿದ ಅರ್ಧ ಗಂಟೆಯ ಕೆಲಸ ಹೋಯಿತು ನಿಜ, ಆದ್ದರಿಂದ ದಿನದ ಸಂಪಾದನೆ ಲೆಕ್ಕ ಹಾಕಿದರೆ ಲಾಭ ಕಾಣಲಿಲ್ಲ. ಆದರೆ ನಾವು ಸಂಪಾದಿಸಬೇಕಾದ್ದು ಕೂಲಿ ಅಲ್ಲವಲ್ಲ.

ನಮ್ಮ ಕೈಯಲ್ಲಿ ಏನಿದೆ?

ಕರೆಂಟಿನ ಪಾಳಿ ನಮ್ಮ ಕೈಯಲ್ಲಿಲ್ಲ. ಸೊಳ್ಳೆ ಪರದೆ ಇದೆ, ಟಿ.ವಿ. ಸದ್ದು ಕಡಿಮೆ ಮಾಡಿ ಎಂದು ಮನೆಯವರನ್ನು ಕೇಳುವ ಬಾಯಿ ಇದೆ. ಮೊಬೈಲನ್ನು ದಿಂಬಿನ ಕೆಳಗೆ ಇಡದೆ ಗೂಡಿನಲ್ಲಿ ಇಡಬಹುದು. ರಾತ್ರಿ ಓದಲು ಕುಡಿಯುವ ಟೀ ವಿಷಯ ಒಂದು ಮಾತು. ನಾವು ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆ ತರಿಸುತ್ತೆ. ಟೀ ಕಾಫಿಯಲ್ಲಿನ ಕೆಫೀನ್ ಅದರ ಜಾಗದಲ್ಲಿ ಕೂತು ಅಡ್ಡ ಹಾಕುತ್ತೆ. ದಣಿವು ಹೋಗಿರೋದಿಲ್ಲ, ದಣಿವಿನ ಸುದ್ದಿ ತಲುಪಿರೋದಿಲ್ಲ ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದರೆ ಎರಡು ಗಂಟೆಯಲ್ಲೂ ಅರ್ಧ ಒಳಗೇ ಇರುತ್ತೆ.

ಗುರುಗಳಲ್ಲಿ ಎರಡು ವಿನಂತಿ, ದಯವಿಟ್ಟು ತಪ್ಪು ತಿಳಿಯಬಾರದು. ನಾಲ್ಕು ಗಂಟೆಗೆ ಏಳುವುದು ಕೆಟ್ಟದ್ದಲ್ಲ, ಎಂಟು ಗಂಟೆಗೆ ಮಲಗಿದ್ದರೆ. ನಮ್ಮ ಮನೆಗಳಲ್ಲಿ ಊಟ ಆಗುವುದೇ ಒಂಬತ್ತರ ಮೇಲೆ. ಹತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಆರು ಗಂಟೆ, ಅದೂ ವಾರಗಟ್ಟಲೆ. ಪೆನ್ಸಿಲ್ವೇನಿಯಾದ ಆರು ಗಂಟೆ ಗುಂಪಿನವರು ನಾವೇ ಆಗುತ್ತೇವೆ. ಕಡಿತವಾಗುವುದು ಬೆಳಗಿನ ಜಾವದ ಕನಸಿನ ನಿದ್ದೆ. ಫೋನ್ ಮಾಡುವುದಾದರೆ ಆರು ಗಂಟೆಗೆ ಮಾಡಬಹುದೇ? ಅಥವಾ ರಾತ್ರಿ ಹತ್ತಕ್ಕೆ “ಪುಸ್ತಕ ಮುಚ್ಚಿ ಮಲಗು” ಎಂದು ಮಾಡಬಹುದೇ? ನಗಬೇಡಿ, ನಿಜವಾಗಿಯೇ ಕೇಳುತ್ತಿದ್ದೇನೆ. ಎರಡನೆಯದು, ಬಿಸಿಯೂಟದ ನಂತರ ಗ್ರಂಥಾಲಯದ ಕೋಣೆಯಲ್ಲಿ ಚಾಪೆ ಹಾಸಿ, ರಾತ್ರಿ ತೋಟಕ್ಕೆ ಹೋಗಿ ಬಂದವರು ಇಪ್ಪತ್ತೈದು ನಿಮಿಷ ಮಲಗಲು ಅವಕಾಶ ಬೇಕು. ಆ ಕೋಣೆ ಆ ಹೊತ್ತಿನಲ್ಲಿ ಖಾಲಿ ಇರುತ್ತೆ. ಎಬ್ಬಿಸುವ ಜವಾಬ್ದಾರಿ ನಮ್ಮ ಗುಂಪಿನದು.

ಸ್ಕೇಲು ಪರೀಕ್ಷೆ

ಇದೆಲ್ಲ ಬೇರೆ ದೇಶದ ಕಥೆ, ನಮಗೆ ಅನ್ವಯಿಸೋದಿಲ್ಲ ಅನ್ನುವವರಿಗಾಗಿ ಒಂದು ಪ್ರಯೋಗ. ಗೆಳೆಯ 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ಹಿಡಿಯಲಿ, ಸೊನ್ನೆ ಕೆಳಗೆ ಇರಲಿ. ನೀವು ಹೆಬ್ಬೆರಳು ತೋರುಬೆರಳನ್ನು ಸೊನ್ನೆಯ ಹತ್ತಿರ ಮುಟ್ಟದಂತೆ ಅಗಲಿಸಿ ಇಡಿ. ಹೇಳದೆ ಕೇಳದೆ ಸ್ಕೇಲು ಬಿಡಬೇಕು, ನೀವು ಹಿಡಿಯಬೇಕು. ಬೆರಳು ಹಿಡಿದ ಗುರುತು ನೋಡಿ. ವಸ್ತು ಬೀಳುವ ಸೂತ್ರ ಗೊತ್ತಲ್ಲ, ಅದರ ಪ್ರಕಾರ 10 ಸೆಂ.ಮೀ.ಗೆ ಹಿಡಿದರೆ 0.14 ಸೆಕೆಂಡು, 15ಕ್ಕೆ 0.17, 20ಕ್ಕೆ 0.20, 30ಕ್ಕೆ 0.25. ಸ್ಕೇಲು ನೆಲಕ್ಕೇ ಬಿದ್ದರೆ “ಬಿತ್ತು” ಅಂತ ಬರೆಯಿರಿ. ಮೊದಲ ಮೂರು ಸಲ ಅಭ್ಯಾಸಕ್ಕೆ, ಲೆಕ್ಕಕ್ಕಿಲ್ಲ. ಆಮೇಲೆ ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಪ್ರತಿದಿನ ಮಧ್ಯಾಹ್ನ ಒಂದೇ ಹೊತ್ತಿಗೆ, ಎರಡು ವಾರ ಮಾಡಬೇಕು. ಈ ಪತ್ರಿಕೆಯ ಬಲಗಡೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ನಾಲ್ಕು ಕಲಂ: ಮಲಗಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟು ಗಂಟೆಗೆ, ಮಧ್ಯೆ ಎಷ್ಟು ಸಲ ಎಚ್ಚರವಾಯಿತು, ಸ್ಕೇಲಿನ ಸರಾಸರಿ. ಮೂರನೇ ಕಲಂ ಬಿಡಬೇಡಿ, ನನಗೆ ಮುಖ್ಯವಾಗಿ ಬೇಕಾಗಿರುವುದು ಅದೇ. ಹೆಸರು ಬರೆಯಬೇಡಿ, ನೀವೇ ಆರಿಸಿಕೊಂಡ ಒಂದು ನಂಬರ್ ಬರೆದರೆ ಸಾಕು. ಗುರುಗಳೂ ಬರೆಯಬಹುದು. ಫಲಿತಾಂಶ ಏನೇ ಬಂದರೂ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಪೆನ್ಸಿಲ್ಲನ್ನು ಮೊಳೆಗೆ ದಾರದಲ್ಲಿ ಕಟ್ಟಿದ್ದೇನೆ, ದಯವಿಟ್ಟು ಯಾರೂ ಬಿಚ್ಚಿಕೊಂಡು ಹೋಗಬೇಡಿ.